ಕುದುರೆಯಿಂದ ಬಿದ್ದವಳ ಹಸಿರು ಬಳೆ

ಗೋವಾದ ಕಲಂಗುಟ್ ಬೀಚಿನ ಆ ಕುದುರೆಯದು ಏನೂ ತಪ್ಪಿಲ್ಲ, ಗೆಳೆಯರೇ. "ಬ್ಯಾಡ್ರಿ, ನನಗ ಅಂಜಿಕಿ ಬರ್ತದ" ಎಂದ ಹೆಂಡತಿಯನ್ನು ಇವತ್ತು ಒಂದು ಫೋಟೊಗಾಗಿ ಹಟ ಮಾಡಿ ಹತ್ತಿಸಿದವನು ನಾನು. ಸೀರೆ ಉಟ್ಟಿದ್ದಳು. ಸ್ಕೂಟರಿನ ಹಿಂದೆ ಕೂರುವ ಹಾಗೆ ಎರಡೂ ಕಾಲು ಒಂದೇ ಬದಿಗೆ ಇಳಿಬಿಟ್ಟು ಕುಳಿತಳು. "ಸ್ವಲ್ಪ ನಗು" ಎಂದೆ. ಕುದುರೆ ಒಂದು ಹೆಜ್ಜೆ ಇಟ್ಟಿತು, ಅವಳು ಕೈಯೂರಿ ಮರಳಿಗೆ ಬಿದ್ದಳು.

ಆಸ್ಪತ್ರೆಯ ಎಮರ್ಜೆನ್ಸಿ ತಲುಪುವಷ್ಟರಲ್ಲಿ ಮಣಿಕಟ್ಟು ಊದಿ, ಹಸಿರು ಗಾಜಿನ ಬಳೆಗಳು ಬಿಗಿದುಕೊಂಡಿದ್ದವು. ನರ್ಸ್ ನಮ್ಮ ಬೆಳಗಾವಿ ಕಡೆಯವರೇ. "ಬಳಿ ಒಡೀಬೇಕಾಗ್ತದ ಅಕ್ಕಾ" ಎಂದರು.

ಅಷ್ಟು ನೋವಿನಲ್ಲೂ ಅವಳು ಕೈ ಹಿಂದಕ್ಕೆಳೆದುಕೊಂಡಳು. "ಒಡೀಬ್ಯಾಡ್ರಿ! ನಮ್ಮ ಮನಿಯವ್ರು ಇನ್ನೂ ಇದ್ದಾರ!"

ನರ್ಸ್ ತಿರುಗಿ ನನ್ನನ್ನು ನೋಡಿದರು. ಇದ್ದೆ. ಕೊರಳಲ್ಲಿ ಕ್ಯಾಮೆರಾ ನೇತುಹಾಕಿಕೊಂಡು, ಗಟ್ಟಿಮುಟ್ಟಾಗಿ, ಅಲ್ಲೇ ಇದ್ದೆ.