ಮೀನಿನ ತೊಟ್ಟಿಯ ಕೋಡಿ

ಕೊಳ್ಳೇಗಾಲದ ಶಿವಕುಮಾರಸ್ವಾಮಿಯವರ ಮನೆಗೆ ಯಾರೇ ಬರಲಿ, ಕಾಫಿಗಿಂತ ಮುಂಚೆ ಪೈಪಿನ ದರ್ಶನವಾಗಬೇಕು. ಮೂವತ್ತು ವರ್ಷ ಕೆರೆಗಳ ಏರಿ, ತೂಬು ಕಾದು ನಿವೃತ್ತರಾದ ಈ ಎಂಜಿನಿಯರು ಈಗ ಹಾಲ್‌ನಲ್ಲಿರುವ ಆರಡಿ ಗಾಜಿನ ಮೀನಿನ ತೊಟ್ಟಿಗೆ, ಪಂಪು ಸದಾ ಎತ್ತಿ ಸುರಿಯುವ ನೀರು ಇಳಿದುಹೋಗಲೆಂದು, ಮೂರು ಪೈಪಿನ ಕೋಡಿ ಕಟ್ಟಿದ್ದಾರೆ. “ಒಂದನೇ ಪೈಪು ತುಂಬಿ ಅರೀತದೆ, ಗಾಳಿ ಸೇರಕ್ಕಿಲ್ಲ, ಅದ್ಕೇ ಸದ್ದಿಲ್ಲ. ಎರಡನೇದು ಮಿಕ್ಕಿದ್ದ ಇಳಿಸ್ತದೆ. ಮೂರನೇದು ಒಣಗೇ ಇರ್ಬೇಕು ಕಣ್ರಿ. ಅದು ಒದ್ದೆಯಾದ್ರೆ ನಾನು ದಡ್ಡ ಅಂತ ಅರ್ಥ,” ಎಂದು ತಾವೇ ಮೊದಲು ನಗುತ್ತಾರೆ. ದಡ್ಡತನದ ಕತೆಯನ್ನೂ ಮುಚ್ಚಿಡುವುದಿಲ್ಲ. ಆಗ ಇದ್ದದ್ದು ಒಂದೇ ಪೈಪು. ತೊಟ್ಟಿ ಮೊದಲ ಸಲ ಕೋಡಿ ಬಿದ್ದ ಸಂಭ್ರಮಕ್ಕೆ, ಊರ ಕೆರೆಗೆ ಮಾಡುವ ಹಾಗೆ ಅರಿಶಿನ ಕುಂಕುಮ ಇಟ್ಟು, ನೀರಿಗೆ ಚೆಂಡುಹೂವು ಬಿಟ್ಟು ಕೈಮುಗಿದು, ಧನಗೆರೆಯ ನೆಂಟರ ಮನೆಗೆ ಊಟಕ್ಕೆ ಹೋದರು. ಬರುವಷ್ಟರಲ್ಲಿ ಹೂವು ಪೈಪಿಗೆ ಸಿಕ್ಕಿ, ತೊಟ್ಟಿ ಉಕ್ಕಿ, ನೀರಿನ ಜೊತೆ ಐದು ಮೀನೂ ಸೋಫಾ ಕೆಳಗೆ ಸೇರಿ ಸತ್ತಿದ್ದವು. “ಎಂತೆಂಥ ಮಳೆ ತಡೆದೋನ್ನ ಒಂದು ಚೆಂಡುವ್ವ ಸೋಲಿಸ್ಬುಡ್ತು!” ಆಮೇಲೆ ಇನ್ನೆರಡು ಪೈಪು ಸೇರಿಸಿದರು. ಅಂದಿನಿಂದ ದಿನಾ ಬೆಳಿಗ್ಗೆ ಪರೀಕ್ಷೆಗೆಂದು ಮೊದಲ ಪೈಪಿಗೆ ತಾವೇ ಹೂವು ತುರುಕಿ, ಮೂರನೇದು ಒಣಗಿದೆಯೇ ಎಂದು ಬೆರಳಿಟ್ಟು ನೋಡುತ್ತಾರೆ. ಎರಡು ವರ್ಷದಿಂದ ಒಣಗೇ ಇದೆ. ತೊಟ್ಟಿಯಲ್ಲಿ ಮೀನು ಮಾತ್ರ ಇಲ್ಲ. “ಮೀನು ಯಾವಾಗ ತರದು?” ಎಂದು ಹೆಂಡತಿ ಪುಟ್ಟಬಸಮ್ಮ ಕೇಳಿದರೆ, “ಇನ್ನೂ ಗುಳುಗುಳು ಅಂತದೆ, ಸದ್ದು ನಿಲ್ಲಲಿ,” ಅನ್ನುತ್ತಾರೆ. ಆಕೆ ಗಾಜಿಗೆ ಕಿವಿಯಿಟ್ಟು, “ಎಲ್ಲಿ? ಒಂಚೂರೂ ಸದ್ದಿಲ್ವಲ್ಲ,” ಎನ್ನುತ್ತಾರೆ. “ನಿಂಗೆ ಕೇಳಕ್ಕಿಲ್ಲ ಬುಡು,” ಎಂದು ಸ್ವಾಮಿಗಳು ಬಗ್ಗಿ, ಸೋಫಾ ಕೆಳಗೆ ಇನ್ನೊಂದು ಸಲ ನೋಡುತ್ತಾರೆ.