ಕಾರು ಕೂರುವ ಹೊತ್ತು

ನೊಯೆಲಿ ಶಸಾಂಗ್‌ಗೆ ಚಿಕ್ಕಂದಿನಿಂದಲೂ ಗಾಡಿಗಳೆಂದರೆ ಹೆದರಿಕೆ. ಅವಳಪ್ಪ ಹಳೆಯ ವ್ಯಾನೊಂದರಲ್ಲಿ ಸಕ್ಕರೆ, ಸಾಬೂನು, ಕಾಫಿಪುಡಿ ತುಂಬಿಕೊಂಡು ಫ್ರೆಂಚ್ ನಾಡಿನ ಮಾರ್ಜರೀದ್ ಬೆಟ್ಟದ ಹಳ್ಳಿಗಳಲ್ಲಿ ಮಾರುತ್ತಿದ್ದ. ಒಂದು ದಿನ ಅವನು ಯಾರದೋ ಬಾಗಿಲಲ್ಲಿ ಇಳಿದು ವ್ಯಾಪಾರಕ್ಕೆ ನಿಂತಾಗ, ಒಳಗೆ ಕೂತಿದ್ದ ಪುಟ್ಟ ನೊಯೆಲಿಯನ್ನು ಹೊತ್ತುಕೊಂಡೇ ವ್ಯಾನು ಇಳಿಜಾರಿನಲ್ಲಿ ಹಿಂದಕ್ಕೆ ಜಾರಿತು. ಅಪ್ಪ ಓಡಿ ಬರುತ್ತಾ "ಬ್ರೇಕ್ ಎಳಿಯೇ! ಬ್ರೇಕ್!" ಎಂದು ಕೂಗುತ್ತಿದ್ದ. ಅವಳು ಎಳೆಯಲಿಲ್ಲ. ಎರಡೂ ಕೈಗಳಿಂದ ಕಣ್ಣು ಮುಚ್ಚಿಕೊಂಡಳು. ಬೀಚ್ ಮರವೊಂದು ಅಡ್ಡ ಸಿಕ್ಕಿ ವ್ಯಾನು ನಿಂತಿತು. ಅವಳಿಗೆ ಒಂದು ಗೀರೂ ಆಗಲಿಲ್ಲ, ಆದರೆ ಮುಂದೆ ಎಷ್ಟೋ ವರ್ಷ ಯಾವ ಗಾಡಿಯ ಸ್ಟೀರಿಂಗ್ ಮುಂದೆಯೂ ಅವಳು ಕೂರಲಿಲ್ಲ.

ಅಂಥವಳು ಮದುವೆಯಾದದ್ದು ಲೆಯೋನ್ಸ್‌ನನ್ನು. ಅವನು ಮರ ಕೊಯ್ಯುವ ಕಾರ್ಖಾನೆಯಲ್ಲಿ ಗರಗಸದ ಮುಂದೆ ದುಡಿಯುವವನು. ರಜೆ ಸಿಕ್ಕರೆ ಕಾರಿನ ಕೆಳಗೆ ಮಲಗುವವನು. ಮಗಳು ಕೊರಾಲಿ ಶಾಲೆಗೆ ಸೇರಿದ ವರ್ಷ ತಂದ ಆ ಬೂದು ಬಣ್ಣದ ಡೀಸೆಲ್ ಕಾರನ್ನು, ಆ ಮಗಳಿಗೇ ಮಕ್ಕಳಾದ ಮೇಲೂ ಅವನು ಬಿಟ್ಟಿರಲಿಲ್ಲ. ಅದಕ್ಕೆ ಸ್ಪ್ರಿಂಗ್ ಇರಲಿಲ್ಲ. ಎಣ್ಣೆಯ ಒತ್ತಡ ಮತ್ತು ಗಾಳಿ ತುಂಬಿದ ಕಬ್ಬಿಣದ ಗುಂಡುಗಳ ಮೇಲೆ ಅದು ನಿಲ್ಲುತ್ತಿತ್ತು. ಎಂಜಿನ್ ಶುರುವಾದರೆ ಮಲಗಿದ ಹಸುವಿನಂತೆ ಮೊದಲು ಹಿಂಭಾಗ ಎತ್ತಿ, ಆಮೇಲೆ ಮುಂಭಾಗ ಎತ್ತಿ ಏಳುತ್ತಿತ್ತು. ಎಂಜಿನ್ ನಿಲ್ಲಿಸಿದರೆ ನಿಟ್ಟುಸಿರು ಬಿಟ್ಟು ಮೆಲ್ಲಗೆ ನೆಲಕ್ಕೆ ಕೂರುತ್ತಿತ್ತು. ಹೊಸದರಲ್ಲಿ ಕೂರಲು ಒಂದು ಇಡೀ ದಿನ ಬೇಕಿತ್ತು. ವಯಸ್ಸಾದಂತೆ, ಒಲೆಯ ಮೇಲಿಟ್ಟ ಸೂಪು ಕುದಿಯುವಷ್ಟರಲ್ಲಿ ಕೂತುಬಿಡುತ್ತಿತ್ತು.

"ನಮ್ಮಜ್ಜಿ ಕುರ್ಚೀಲಿ ಕೂರ್ತಿದ್ದದ್ದು ಹೀಗೇ ಕಣೇ," ಎಂದು ಲೆಯೋನ್ಸ್ ನಗುತ್ತಿದ್ದ.

ನೊಯೆಲಿಗೆ ನಗು ಬರುತ್ತಿರಲಿಲ್ಲ. ರಾತ್ರಿ ಹಾಸಿಗೆಯಲ್ಲಿದ್ದಾಗ ಅಂಗಳದಿಂದ ಆ ನಿಟ್ಟುಸಿರು ಕೇಳಿದರೆ ಮೈ ಜುಮ್ಮೆನ್ನುತ್ತಿತ್ತು. ಯಾರೋ ಹೊರಗೆ ನಿಂತು ಕಾಯುತ್ತಿರುವಂತೆ.

ಅವಳು ಲಾಂಗೋನ್ಯ ಪೇಟೆಯ ಶಾಲೆಯೊಂದರಲ್ಲಿ ಮಕ್ಕಳಿಗೆ ಮಧ್ಯಾಹ್ನದ ಅಡುಗೆ ಮಾಡುತ್ತಿದ್ದಳು. ಬೆಳಿಗ್ಗೆ ಅವಳನ್ನು ಅಲ್ಲಿಗೆ ಬಿಟ್ಟು ಲೆಯೋನ್ಸ್ ಕಾರ್ಖಾನೆಗೆ ಹೋಗುತ್ತಿದ್ದ. ಅವಳ ಹೆದರಿಕೆ ಅವನಿಗೆ ಚೆನ್ನಾಗಿ ಗೊತ್ತು, ಅದನ್ನು ಕೆಣಕುವುದೂ ಗೊತ್ತು. ದಿನವೂ ಪಾದ್ರಿ ಮಂತ್ರ ಹೇಳುವ ಧಾಟಿಯಲ್ಲಿ ಹೇಳಿಕೊಂಡೇ ಕಾರು ಶುರು ಮಾಡುತ್ತಿದ್ದ: "ಗೇರು ಬಿಡಿಸು. ಕೀಲಿ ತಿರುಗಿಸು. ದೀಪ ನೋಡು. ಕಾಯು… ಕಾಯು… ಆರಿತಾ? ಹ್ಞಾಂ, ಈಗ!" ಡೀಸೆಲ್ ಎಂಜಿನ್ನು ಚಳಿಯಲ್ಲಿ ಒಳಗೆ ಬೆಚ್ಚಗಾಗುವ ತನಕ ಉರಿಯುವ ಆ ಕಿತ್ತಳೆ ದೀಪ ಆರುವವರೆಗೂ ನೊಯೆಲಿ ಬಾಗಿಲ ಹಿಡಿಯನ್ನು ಬಿಗಿ ಹಿಡಿದಿರುತ್ತಿದ್ದಳು.

ಕಾರಿನ ಬ್ರೇಕೂ ಅದೇ ಎಣ್ಣೆಯಲ್ಲಿ ನಡೆಯುವುದು ಎಂದು ಅವನೇ ಒಮ್ಮೆ ಬಾಯಿತಪ್ಪಿ ಹೇಳಿದ್ದ. ಅಂದಿನಿಂದ ಅವಳು ಅಂಗಳದ ಹಿಮದ ಮೇಲೆ ಹಸಿರು ಎಣ್ಣೆಯ ಹನಿ ಹುಡುಕತೊಡಗಿದಳು. ಕಂಡ ದಿನ ಪೇಟೆಯ ಇಳಿಜಾರಿನ ತುಂಬಾ ಅವಳು ಬಾಗಿಲ ಹಿಡಿಯನ್ನು ಬಿಡುತ್ತಿರಲಿಲ್ಲ.

"ಇದನ್ನ ಮಾರಿಬಿಡು ಲೆಯೋನ್ಸ್. ಎಲ್ರ ಹಾಗೆ ಒಂದು ಕಾರು ತಗೊಳ್ಳೋಣ."

"ಎಲ್ರ ಕಾರಲ್ಲಿ ಹೋದ್ರೆ ನಿನ್ನ ಸೊಂಟ ಮುರಿಯತ್ತೆ. ಇದ್ರಲ್ಲಿ ಮೊಟ್ಟೆ ಬುಟ್ಟಿ ಇಟ್ಕೊಂಡು ಹೋದ್ರೂ ಒಂದೂ ಒಡಿಯಲ್ಲ. ಪುಕ್ಕಲಿ ನೀನು, ಸುಮ್ನಿರು."

ಅದು ನವೆಂಬರಿನ ಒಂದು ಶನಿವಾರ. ಸರ್ಕಾರದ ತಪಾಸಣೆಗೆ ಕಾರು ಒಯ್ಯುವ ದಿನ ಹತ್ತಿರವಾಗಿತ್ತು. ಹೊಗೆ ಕೊಳವೆಯ ಪಟ್ಟಿ ಸಡಿಲವಾಗಿ ಕಟಕಟ ಎನ್ನುತ್ತಿದ್ದದ್ದರಿಂದ ಅದನ್ನು ಬಿಗಿಯಬೇಕಿತ್ತು. ಲೆಯೋನ್ಸ್ ಎಂಜಿನ್ ಶುರು ಮಾಡಿ, ಸೀಟುಗಳ ನಡುವಿನ ಲಿವರನ್ನು ಕೊನೆಯ ತನಕ ಎಳೆದು ಕಾರನ್ನು ಪೂರ್ತಿ ಎತ್ತರಕ್ಕೆ ಏರಿಸಿದ. ಹಿಂದೆ ಎರಡೂ ಕಡೆ ಓಕ್ ಮರದ ದಿಮ್ಮಿ ಕೊಟ್ಟ. ಅಂಗಳ ಸ್ವಲ್ಪ ಇಳಿಜಾರು, ಅದಕ್ಕೆ ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಎಂಜಿನ್ ಆರಿಸಿ, ಕಾರನ್ನು ಗೇರಿನಲ್ಲಿ ಬಿಟ್ಟ. ರೇಡಿಯೋ ಮಾತ್ರ ಹಾಡುತ್ತಿತ್ತು.

ನೊಯೆಲಿ ಅಡುಗೆಮನೆಯ ಕಿಟಕಿಯಿಂದ ತಲೆ ಹೊರಹಾಕಿದಳು. "ದಿಮ್ಮಿ ಸರಿಯಾಗಿ ಇಟ್ಟಿದ್ದೀಯಾ?"

"ಇಟ್ಟಿದ್ದೀನಿ ಮಾರಾಯ್ತಿ! ಹೋಗಿ ಎಲೆಕೋಸು ಹೆಚ್ಚು."

ಅವಳು ಎಲೆಕೋಸು ಹೆಚ್ಚಿದಳು. ಆಲೂಗಡ್ಡೆ ಸುಲಿದಳು. ಹೊರಗೆ ಸುತ್ತಿಗೆಯ ಸದ್ದು, ರೇಡಿಯೋ, ನಡುನಡುವೆ ಅವನ ಬೈಗುಳ. ಸ್ವಲ್ಪ ಹೊತ್ತಿನ ಮೇಲೆ ರೇಡಿಯೋ ಒಂದೇ ಕೇಳುತ್ತಿತ್ತು. ಅವಳು ಚಾಕು ಹಿಡಿದು ನಿಂತಳು. ಸುತ್ತಿಗೆ ಇಲ್ಲ. ಬೈಗುಳವೂ ಇಲ್ಲ.

ಕಿಟಕಿಯಿಂದ ನೋಡಿದರೆ ಕಾರು ಗಿಡ್ಡವಾಗಿತ್ತು.

ಓಡಿದಳು. ಒಂದು ದಿಮ್ಮಿ ಮಗುಚಿ ಬಿದ್ದಿತ್ತು. ಕಾರಿನ ಹಿಂಭಾಗ ಒಂದು ಪಕ್ಕಕ್ಕೆ ವಾಲಿ ಕೂರುತ್ತಿತ್ತು. ಕೆಳಗಿನಿಂದ ಲೆಯೋನ್ಸ್‌ನ ಎರಡು ಬೂಟುಗಳು ಹೊರಚಾಚಿದ್ದವು, ಹಿಮ್ಮಡಿ ಮಣ್ಣನ್ನು ಕೆರೆಯುತ್ತಿತ್ತು.

"ಲೆಯೋನ್ಸ್!"

"ಎದೆ…" ಎಂದ ಅವನು. ಮತ್ತೆ, "ಎತ್ತು…"

ಅವಳು ಬಂಪರಿಗೆ ಕೈ ಹಾಕಿ ಎತ್ತಲು ನೋಡಿದಳು. ಕಾರು ಹಂದಾಡಿತು, ಮೇಲೆ ಬರಲಿಲ್ಲ. ಅಡಿಯಿಂದ ಅವನು ನರಳಿದ. ಅವಳು ಬೆಂಕಿ ಮುಟ್ಟಿದವಳಂತೆ ಕೈ ತೆಗೆದಳು. ಸುತ್ತ ಯಾರೂ ಇಲ್ಲ. ಪಕ್ಕದ ಮನೆಯ ಟಿಶೀಟನ ಕೊಟ್ಟಿಗೆ ದಿಬ್ಬದ ಆಚೆ. ಫೋನು ಮನೆಯೊಳಗೆ, ಅಗ್ನಿಶಾಮಕದವರು ಬರಬೇಕಾದದ್ದು ಪೇಟೆಯಿಂದ. ಅಷ್ಟರಲ್ಲಿ ಕಾರು ಮತ್ತೆ ಆ ನಿಟ್ಟುಸಿರು ಬಿಟ್ಟಿತು. ಅವಳ ಕಣ್ಣೆದುರೇ ಚಕ್ರದ ಮೇಲಿನ ಸಂದು ಬೆರಳಿನಷ್ಟು ಕಿರಿದಾಯಿತು.

ಎಂಜಿನ್ ಶುರುವಾದರೆ ಅದು ಏಳುತ್ತದೆ. ಇಷ್ಟು ಅವಳಿಗೆ ಗೊತ್ತಿತ್ತು. ಶುರು ಮಾಡಬೇಕಾದವಳು ತಾನೇ ಎಂಬುದೂ ಗೊತ್ತಾಯಿತು.

ಚಾಲಕನ ಬಾಗಿಲು ತೆರೆದು ಒಂದು ಕಾಲನ್ನು ಒಳಗಿಡಹೋದಳು, ಎತ್ತಿದ ಕಾಲನ್ನು ಹಾಗೇ ಹಿಂದಕ್ಕೆ ಎಳೆದುಕೊಂಡಳು. ತಾನು ಕೂತರೆ ಕಾರು ಇನ್ನೂ ಇಳಿಯುತ್ತದೆ. ತಾನು ಕೂರುವುದು ಅವನ ಎದೆಯ ಮೇಲೆ. ಅವಳು ನೆಲದ ಮೇಲೆ ಮಂಡಿಯೂರಿ, ಸೀಟಿಗೆ ಮೈ ತಾಗದಂತೆ ಕೈ ಮಾತ್ರ ಒಳಗೆ ಚಾಚಿದಳು.

ಗೇರು ಬಿಡಿಸು. ಬಿಡಿಸದೆ ಕೀಲಿ ತಿರುಗಿಸಿದರೆ ಕಾರು ನೆಗೆಯುತ್ತದೆ, ಅವನನ್ನು ಎಳೆದುಕೊಂಡೇ ನೆಗೆಯುತ್ತದೆ. ಬಿಡಿಸಿದ ಮೇಲೆ ಜಾರಿದರೆ? ಬೀಚ್ ಮರ, ಅಪ್ಪನ ಕೂಗು, ಎಲ್ಲ ಒಮ್ಮೆಗೇ ಕಿವಿಯಲ್ಲಿ ತುಂಬಿಕೊಂಡವು. ಕೈಬ್ರೇಕನ್ನು ಎರಡೂ ಕೈಯಿಂದ ಎಳೆದಳು, ಇನ್ನೂ ಎಳೆದಳು, ಮೊಣಕೈ ನೋಯುವ ತನಕ ಎಳೆದಳು. ಆಮೇಲೆ ಗೇರಿನ ಕೋಲನ್ನು ಜಗ್ಗಿದಳು. ಅದು ಸಡಿಲವಾಗಿ ಅತ್ತಿತ್ತ ಆಡಿತು. ಕಾರು ತುಸು ಅಲುಗಿ, ಕಲ್ಲಿಗೆ ಒರಗಿ ನಿಂತಿತು.

"ಲೆಯೋನ್ಸ್, ಇದ್ದೀಯಾ? ಮಾತಾಡು!"

ಹಿಮ್ಮಡಿ ಕೆರೆಯುವ ಸದ್ದೂ ನಿಂತಿತ್ತು.

ಕಾರನ್ನು ಎತ್ತರಿಸುವ ಲಿವರ್ ಅವನು ಬಿಟ್ಟಲ್ಲೇ ಇತ್ತು, ಕೊನೆಯಲ್ಲಿ. ಕೀಲಿ ತಿರುಗಿಸಿದಳು. ರೇಡಿಯೋದಲ್ಲಿ ಯಾರೋ ಕುದುರೆ ರೇಸಿನ ಫಲಿತಾಂಶ ಓದುತ್ತಿದ್ದ. ಕಿತ್ತಳೆ ದೀಪ ಹತ್ತಿತು.

ಕಾಯಬೇಕು. ಕಾಯದೆ ತಿರುಗಿಸಿದರೆ ಈ ಚಳಿಗೆ ಎಂಜಿನ್ನು ಹಿಡಿಯುವುದಿಲ್ಲ, ಬ್ಯಾಟರಿ ಸಾಯುತ್ತದೆ. ಇದನ್ನು ಅವಳು ಸಾವಿರ ಸಲ ಕೇಳಿದ್ದಳು. ಅವಳ ಗಂಡ ಉಸಿರಿಲ್ಲದೆ ಕೆಳಗೆ ಬಿದ್ದಿದ್ದ, ಅವಳು ದೀಪ ನೋಡುತ್ತಾ ಮಂಡಿಯೂರಿದ್ದಳು. "ಆರು," ಎಂದಳು. "ಆರೋ, ದರಿದ್ರದ್ದೇ, ಆರು!" ಕಣ್ಣು ಮುಚ್ಚಿಕೊಳ್ಳಬೇಕೆನಿಸಿತು. ಮುಚ್ಚಿದರೆ ದೀಪ ಕಾಣುವುದಿಲ್ಲ.

ಆರಿತು. ತಿರುಗಿಸಿದಳು. ಎಂಜಿನ್ನು ಗೊರಗೊರ ಎಂದು ನಿಂತುಹೋಯಿತು.

ಮತ್ತೆ ದೀಪ. ಮತ್ತೆ ಕಾಯುವುದು. ಎರಡನೆಯ ಸಲ ಕೀಲಿಯನ್ನು ಬಿಡದೆ ಹಿಡಿದಳು. ಎಂಜಿನ್ನು ಕೆಮ್ಮಿತು, ಇಡೀ ಕಾರು ನಡುಗಿತು, ಕಪ್ಪು ಹೊಗೆ ಉಗುಳಿ ಹಿಡಿದುಕೊಂಡಿತು. ಆದರೆ ಕಾರು ಏಳಲಿಲ್ಲ. ಎಂಜಿನ್ನು ಓಡುತ್ತಿದೆ, ಕಾರು ಕೂತೇ ಇದೆ. ಎಣ್ಣೆ ಎಲ್ಲಾ ಹೋಗಿಬಿಟ್ಟಿದೆಯೇನೋ ಎಂದು ಅವಳು ಬಗ್ಗಿ ನೆಲ ನೋಡುತ್ತಿರುವಾಗ ಹಿಂಭಾಗ ಒಮ್ಮೆ ಮಿಸುಕಿತು. ಮೆಲ್ಲಗೆ, ಯಾವ ಅವಸರವೂ ಇಲ್ಲದೆ, ಎದ್ದಿತು.

ಅವಳು ಹಿಂದಕ್ಕೆ ಓಡಿ ಅವನ ಎರಡೂ ಬೂಟು ಹಿಡಿದು ಎಳೆದಳು. ಶಾಲೆಯ ಅಡುಗೆಮನೆಯಲ್ಲಿ ದೊಡ್ಡ ದೊಡ್ಡ ಪಾತ್ರೆ ಎತ್ತಿದ ಕೈಗಳು. ಅವನು ಜಲ್ಲಿಯ ಮೇಲೆ ಹೊರಳುತ್ತಾ ಹೊರಬಂದ. ಮುಖ ನೀಲಿಗಟ್ಟಿತ್ತು. ಆಮೇಲೆ ಬಾಯಿ ತೆರೆದು, ನೀರಿನಿಂದ ಮೇಲೆ ಬಂದವನ ಹಾಗೆ ಗಾಳಿ ಎಳೆದುಕೊಂಡ.

ನೊಯೆಲಿ ಮನೆಯೊಳಗೆ ಓಡಿ ಫೋನು ಮಾಡಿ ಬಂದಳು. ಅಗ್ನಿಶಾಮಕದವರು ಬಂದಾಗ ಅವಳು ಅವನ ತಲೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಕಾರು ಇನ್ನೂ ಎತ್ತರದಲ್ಲಿ ನಿಂತು ಗುಡುಗುಡು ಎನ್ನುತ್ತಿತ್ತು. ಅವರಲ್ಲೊಬ್ಬ ಎಂಜಿನ್ ಆರಿಸಲು ಹೋದ.

"ಮುಟ್ಬೇಡಿ!" ಎಂದು ಅವಳು ಕಿರುಚಿದಳು. "ಅದು ಕೂರತ್ತೆ!"

"ಮದಾಂ, ಈಗ ಅದರ ಕೆಳಗೆ ಯಾರೂ ಇಲ್ಲ."

"ಬೇಡ ಅಂದ್ನಲ್ಲ!"

ಅವನು ಮುಟ್ಟಲಿಲ್ಲ. ಸಂಜೆ ಟಿಶೀಟ ಹಸುಗಳನ್ನು ಕಟ್ಟಿ ಬಂದು ನೋಡಿದಾಗಲೂ ಎಂಜಿನ್ನು ಓಡುತ್ತಲೇ ಇತ್ತಂತೆ.

ಲೆಯೋನ್ಸ್‌ಗೆ ಪಕ್ಕೆಲುಬುಗಳು, ಒಂದು ಕಡೆಯ ಹೆಗಲ ಮೂಳೆ ಮುರಿದಿದ್ದವು. ಕ್ರಿಸ್‌ಮಸ್ ಹೊತ್ತಿಗೆ ಮನೆಗೆ ಬಂದ. ಮೂಳೆಗಳು ಕೂಡಿಕೊಂಡವು, ಆದರೆ ಅವನು ಮೊದಲಿನವನಾಗಲಿಲ್ಲ. ಅಂಗಳಕ್ಕೆ ಇಳಿಯುತ್ತಿರಲಿಲ್ಲ. ಕಟ್ಟಿಗೆ ತರಬೇಕಾದರೆ ಹಿಂದಿನ ಬಾಗಿಲಿಂದ ಮನೆ ಸುತ್ತಿ ಹೋಗುತ್ತಿದ್ದ. ಊಟದ ಮೇಜಿನಲ್ಲಿ ಬಾಗಿಲು ಕಿರ್ರೆಂದರೂ ಅವನ ಕೈಯ ಚಮಚ ನಿಲ್ಲುತ್ತಿತ್ತು. ಜೀವನದಲ್ಲಿ ಮೊದಲ ಸಲ ಆ ಮನೆಯಲ್ಲಿ ಹೆದರುವವರು ಇಬ್ಬರಾದರು.

ವಸಂತದಲ್ಲಿ ಡಚ್ಚನೊಬ್ಬ ಹೆಂಡತಿಯ ಜೊತೆ ಕಾರು ಕೊಳ್ಳಲು ಬಂದ. ಇಂಥ ಹಳೆಯ ಕಾರುಗಳನ್ನು ಕೂಡಿಸುವ ಹುಚ್ಚಿನವನು. ಕಾರಿನ ಸುತ್ತ ಬಂದು, "ಚೆನ್ನಾಗಿ ನೋಡ್ಕೊಂಡಿದ್ದೀರಿ," ಎಂದು ಮುರುಕು ಫ್ರೆಂಚಿನಲ್ಲಿ ಹೊಗಳಿದ. ಕಾರನ್ನು ಎತ್ತರಕ್ಕೆ ಏರಿಸಿದ, ಎಂಜಿನ್ ಆರಿಸಿದ, ಆಮೇಲೆ ಸಹಜವಾಗಿ ಅಂಗಾತ ಮಲಗಿ ಕೆಳಗೆ ತೂರಿದ.

ನೊಯೆಲಿ ಎರಡೂ ಕೈಯಿಂದ ಅವನ ಕಣಕಾಲು ಹಿಡಿದು ಹೊರಗೆ ಎಳೆದಳು.

"ಏನು ಮಾಡ್ತಿದ್ದೀರಿ ಮದಾಂ!" ಅವನ ಅಂಗಿ ಕುತ್ತಿಗೆಯವರೆಗೆ ಸರಿದು ಬೆನ್ನು ತರಚಿತ್ತು.

"ದಿಮ್ಮಿ! ದಿಮ್ಮಿ ಇಡದೆ ಹೋಗ್ತೀರಾ? ನಿಮ್ಗೆ ಹೆಂಡ್ತಿ ಇದ್ದಾಳೆ, ಕಣ್ಣಿಗೆ ಕಾಣ್ಸಲ್ವಾ?" ಡಚ್ಚನ ಹೆಂಡತಿ ಏನೂ ಅರ್ಥವಾಗದಿದ್ದರೂ ಗಂಡನ ತೋಳು ಹಿಡಿದುಕೊಂಡಳು.

ಕೊನೆಗೂ ಅವನು ಕಾರು ಕೊಂಡ. ಅವರು ದಿಬ್ಬ ದಾಟಿದ ಮೇಲೆ ಲೆಯೋನ್ಸ್ ಮುಂಬಾಗಿಲಿಂದ ಇಳಿದು ಬಂದ. ಜಲ್ಲಿಯ ಮೇಲೆ ಹಸಿರು ಎಣ್ಣೆಯ ಕಲೆಯೊಂದು ಉಳಿದಿತ್ತು. ಅದನ್ನು ಬಳಸಿಕೊಂಡು ಬಂದು ಅವಳ ಪಕ್ಕ ನಿಂತ.

"ಅವತ್ತು ನೀನು ಒಳಗೆ ಕೂರ್ಲಿಲ್ವಂತೆ. ಟಿಶೀಟ ಹೇಳ್ದ, ನಿನ್ನ ಮಂಡಿ ರಕ್ತ ಆಗಿತ್ತಂತೆ. ಕೂರಬಾರ್ದು ಅಂತ ಹೇಗೆ ಗೊತ್ತಾಯ್ತು?"

"ಗೊತ್ತೇನೂ ಆಗ್ಲಿಲ್ಲ," ಎಂದಳು ನೊಯೆಲಿ. "ಹೆದರಿಕೆ ಆಯ್ತು."

ಅವನು ತಲೆಯಾಡಿಸಿದ. ಮುಂಚಿನ ಹಾಗೆ ನಗಲಿಲ್ಲ.

ಆ ಬೇಸಿಗೆಯಲ್ಲಿ ಅವಳು ಡ್ರೈವಿಂಗ್ ಶಾಲೆಗೆ ಸೇರಿದಳು, ಏಕೆಂದರೆ ಅವನು ಇನ್ನು ಓಡಿಸುವುದಿಲ್ಲ, ಬಸ್ಸು ಅವರ ಊರಿಗೆ ಬರುವುದಿಲ್ಲ. ಪರೀಕ್ಷೆಯಲ್ಲಿ ಎರಡು ಸಲ ನಪಾಸಾದಳು. ಎರಡೂ ಸಲ ಇಳಿಜಾರಿನಲ್ಲೇ. ಈಗ ಅವರದು ಸ್ಪ್ರಿಂಗ್ ಇರುವ, ಸದ್ದು ಮಾಡುವ, ಸಣ್ಣ ಕೆಂಪು ಪೆಟ್ರೋಲ್ ಕಾರು. ಪೇಟೆಯ ಇಳಿಜಾರಿನಲ್ಲಿ ಅವಳು ಎಷ್ಟು ನಿಧಾನ ಹೋಗುತ್ತಾಳೆಂದರೆ, ಹಿಂದಿನ ಗಾಡಿಯವರು ಹಾರನ್ ಒತ್ತಿ ಒತ್ತಿ ಸುಸ್ತಾಗುತ್ತಾರೆ.

ಪಕ್ಕದಲ್ಲಿ ಲೆಯೋನ್ಸ್ ಬಾಗಿಲ ಹಿಡಿಯನ್ನು ಬಿಗಿ ಹಿಡಿದು ಕೂತಿರುತ್ತಾನೆ. "ಅವ್ರು ಬೇಕಾದ್ರೆ ಬಡ್ಕೊಳ್ಲಿ," ಎನ್ನುತ್ತಾನೆ. "ನೀನು ನಿಧಾನ ಹೋಗು."