ಏಟು ತಿನ್ನಬೇಕಿದ್ದ ಹಲಗೆ

ಆಲಿಕಲ್ಲು ಬೀಳಲಿ ಎಂದು ದೇವರಿಗೆ ಕೈಮುಗಿದವಳು ಹಾಸನ ಜಿಲ್ಲೆಯಲ್ಲಿ ಬಹುಶಃ ನಾನೊಬ್ಬಳೇ. ಅರವತ್ತರ ದಶಕದ ಮಾತು. ವಿಜ್ಞಾನದ ಪದವಿ ಮುಗಿಸಿ, ಗುಡುಗುಮಳೆಯನ್ನು ಅಭ್ಯಾಸ ಮಾಡುವ ಒಂದು ಸಣ್ಣ ತಂಡದಲ್ಲಿ ತಾತ್ಕಾಲಿಕ ಕೆಲಸಕ್ಕೆ ಸೇರಿದ್ದೆ. ಮೋಡಕ್ಕೆ ಬೆಳ್ಳಿಯ ಲವಣದ ಹೊಗೆ ಬಿಟ್ಟರೆ ದಪ್ಪ ಕಲ್ಲಾಗುವ ನೀರು ಹಂಚಿಹೋಗಿ ಸಣ್ಣ ಸಣ್ಣ ಕಲ್ಲಾಗುತ್ತದೆ, ಅವು ನೆಲ ಮುಟ್ಟುವ ಮೊದಲೇ ಕರಗಿ ಮಳೆಯಾಗುತ್ತವೆ ಎಂಬುದು ತಂಡದ ಹಿರಿಯ ವಿಜ್ಞಾನಿಗಳ ನಂಬಿಕೆ. ಆದರೆ ಹೊಗೆ ಬಿಡುವ ಮೊದಲು ಕಲ್ಲು ಎಲ್ಲಿ ಬೀಳುತ್ತದೆ, ಎಷ್ಟು ದಪ್ಪ ಬೀಳುತ್ತದೆ ಎಂದು ತಿಳಿಯಬೇಕಲ್ಲ. ಆ ಕೆಲಸ ನನ್ನದು.

ಮೆತ್ತನೆಯ ಹಲಗೆಗೆ ತೆಳ್ಳನೆಯ ಅಲ್ಯೂಮಿನಿಯಂ ಹಾಳೆ ಹೊದಿಸಿ, ಹೊಲದ ಬದುವಿನಲ್ಲಿ ಗೂಟ ನೆಟ್ಟು ಮೊಳೆ ಹೊಡೆದು ಇಡುತ್ತಿದ್ದೆವು. ಕಲ್ಲು ಬಿದ್ದಲ್ಲಿ ಹಾಳೆ ತಗ್ಗಾಗುತ್ತದೆ. ತಗ್ಗು ಅಳೆದರೆ ಕಲ್ಲಿನ ಗಾತ್ರ ಸಿಗುತ್ತದೆ. ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡಿನ ಕಡೆಯ ಹಳ್ಳಿಗಳಲ್ಲೆಲ್ಲ ಇಟ್ಟು ಬಂದೆ. ಮುಂಗಾರು ಹಿಡಿಯುವುದರೊಳಗೆ ಒಂದು ಹಲಗೆಯ ಮೇಲಾದರೂ ಗುರುತು ಸಿಗದಿದ್ದರೆ ಕೆಲಸ ಮುಚ್ಚಿಬಿಡುತ್ತೇವೆ ಎಂದಿದ್ದರು ತಂಡದ ಹಿರಿಯರು. ಮುಚ್ಚಿದರೆ ನನಗೆ ಮದುವೆ ಕಾದಿತ್ತು. "ಹೆಣ್ಣು ನೋಡೋಕೆ ಬಂದವರಿಗೆ ಏನು ಹೇಳಲಿ? ಮಗಳು ಆಲಿಕಲ್ಲು ಕಾಯ್ತಾ ಕೂತಿದ್ದಾಳೆ ಅಂತಲಾ?" ಎಂದು ಅಪ್ಪ ಊರಿಗೆ ಹೋದಾಗಲೆಲ್ಲ ಕೇಳುತ್ತಿದ್ದರು.

ಹಾಸನದ ಬಾಡಿಗೆ ಕೋಣೆಯಲ್ಲಿ ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಮಧ್ಯಾಹ್ನವಾಯಿತೆಂದರೆ ತಾರಸಿಗೆ ಓಡುತ್ತಿದ್ದೆ. ಮೋಡ ಕಟ್ಟಿದರೆ ಎದೆ ಹೊಡೆದುಕೊಳ್ಳುತ್ತಿತ್ತು; ಚದುರಿದರೆ ಎದುರಿಗೆ ಸಿಕ್ಕವರ ಮೇಲೆ ಸಿಡುಕುತ್ತಿದ್ದೆ. "ನಾನು ಸಂಡಿಗೆ ಹಾಕ್ದಾಗ್ಲೂ ಇಷ್ಟು ಸಲ ಆಕಾಶ ನೋಡಲ್ಲ ಕಣಮ್ಮ" ಎಂದು ಮನೆಯೊಡತಿ ನಗುತ್ತಿದ್ದಳು. ನನಗೆ ನಗು ಬರುತ್ತಿರಲಿಲ್ಲ.

ಮಲ್ಲಿಪಟ್ಟಣದ ಬಳಿ ಹಲಗೆ ಇಟ್ಟದ್ದು ಒಬ್ಬ ರೈತ ಹೆಂಗಸಿನ ಹೊಗೆಸೊಪ್ಪಿನ ಸಸಿಮಡಿಯ ಪಕ್ಕದಲ್ಲಿ. ಆಕೆಯನ್ನು ಅಕ್ಕ ಎನ್ನುತ್ತಿದ್ದೆ. ಮೊಳೆ ಹೊಡೆಸಿದ ದಿನ ಅವಸರದಲ್ಲಿ, "ಅಕ್ಕಾ, ಇದು ಜೋಪಾನ. ದನ ಮುಟ್ಟಬಾರದು, ಮಕ್ಕಳು ಮುಟ್ಟಬಾರದು, ಒಂದು ಗೀರೂ ಬೀಳಬಾರದು. ಇದು ಉಳಿದರೆ ಮುಂದೆ ಕಲ್ಲುಮಳೆ ನಿಲ್ಲಿಸಬಹುದು" ಎಂದೆ.

ಆಕೆ ಮಡಿಯ ಕಡೆ ನೋಡಿದಳು. "ನಿಲ್ಸುದ್ರೆ ನಿಮ್ ಒಟ್ಟೆ ತಣ್ಣಗಿರ್ಲಿ ಕಣವ್ವ. ಈ ಮಡಿ ಓದ್ರೆ ನಾಟಿಗೆ ಒಂದ್ ಸಸೀನೂ ಇಲ್ಲ ನಂಗೆ."

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುತ್ತಾರಲ್ಲ, ಆ ಬೆಕ್ಕು ನಾನೇ ಎಂದು ವಾಪಸು ಬರುವಾಗ ಬಸ್ಸಿನಲ್ಲಿ ಅನ್ನಿಸಿತು. ಆದರೂ ಬೇಡಿಕೊಳ್ಳುವುದನ್ನು ಬಿಡಲಿಲ್ಲ.

ಭರಣಿ ಮಳೆ ಮುಗಿಯುತ್ತ ಬಂದಿತ್ತು. ಒಂದು ಸಂಜೆ ಹಾಸನದ ಬಸ್ ನಿಲ್ದಾಣದಲ್ಲಿ, ಅರಕಲಗೂಡಿನಿಂದ ಬಂದ ಕಂಡಕ್ಟರು ಯಾರಿಗೋ, "ಮಲ್ಲಿಪಟ್ಟಣದ್ ತಾವ ಆಲಿಕಲ್ಲು ಸಾ, ನಿಂಬೇಅಣ್ಣಿನಂಗೆ!" ಎನ್ನುತ್ತಿದ್ದ. ಕುಣಿಯುವುದೊಂದು ಬಾಕಿ. ರಾತ್ರಿಯೆಲ್ಲ ಹೊರಳಾಡಿ ಮೊದಲ ಬಸ್ಸಿಗೆ ಹೊರಟೆ.

ಸಸಿಮಡಿ ನುಣ್ಣಗೆ ಅರೆದ ಸೊಪ್ಪಾಗಿತ್ತು. ಒಂದು ಮೂಲೆಯಲ್ಲಿ ಮಾತ್ರ ಒದ್ದೆ ಕಂಬಳಿ ಹಾಸಿತ್ತು. ನಾನು ಅದನ್ನೆಲ್ಲ ದಾಟಿ ಹಲಗೆಯ ಹತ್ತಿರ ಓಡಿದೆ. ಹಾಳೆ ಫಳಫಳ ಹೊಳೆಯುತ್ತಿತ್ತು. ಒಂದು ತಗ್ಗೂ ಇಲ್ಲ.

ಅಕ್ಕ ಹಿಂದಿನಿಂದ ಬಂದಳು. ಮುಖದಲ್ಲಿ ಹೆಮ್ಮೆ. "ಒಂದ್ ಗೀರೂ ಬಿದ್ದಿಲ್ಲ, ನೋಡ್ಕಳಿ. ಮೊಳೆ ಕೀಳಕ್ಕಾಗ್ನಿಲ್ಲ. ಕಂಬಳೀನ ಮಡಿ ಮ್ಯಾಕ್ ಎಸ್ದು, ನಾನು ಅಲಗೆ ಮ್ಯಾಲ್ ಬಗ್ಗಿ ನಿಂತ್ಕಂಬುಟ್ಟೆ. ಮಡೀನೆಲ್ಲ ಮುಚ್ಚಕ್ಕೆ ಒಬ್ಳ ಕೈಲಾಯ್ತದಾ? ಇದಾದ್ರೂ ಉಳ್ಕಳ್ಳಿ ಅಂತ."

"ಅಯ್ಯೋ ಅಕ್ಕಾ, ಇದು ಏಟು ತಿನ್ನೋಕೇ ಇಟ್ಟದ್ದು!" ಎಂದು ಕಿರುಚಿದೆ. "ಏಟಿನ ಗುರುತೇ ಬೇಕಾಗಿತ್ತು ನನಗೆ!"

ಆಕೆಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಹೆಮ್ಮೆ ಇಳಿದುಹೋಯಿತು. ಸುತ್ತ ಗಂಡಸರಿಲ್ಲವೆಂದು ನೋಡಿಕೊಂಡು, ನನಗೆ ಬೆನ್ನು ಮಾಡಿ ನಿಂತು ಸೆರಗು ಸರಿಸಿದಳು. "ಗುರ್ತೇ ತಾನೆ ಬೇಕು? ಇಲ್ಲಿ ಅವೆ ನೋಡಿ."

ಹೆಗಲಿಂದ ಸೊಂಟದವರೆಗೆ ನೀಲಿ ಬಾವುಗಳು, ಗುಂಡಗೆ, ಒಂದರ ಪಕ್ಕ ಒಂದು. ಈ ಕಲ್ಲು ಬೀಳಲಿ ಎಂದು ಬೇಡಿಕೊಂಡಿದ್ದವಳು ನಾನು. ಮೈ ಮೇಲಿನ ಅಳತೆಯನ್ನು ಯಾರೂ ಒಪ್ಪುವುದಿಲ್ಲವೆಂದು ಗೊತ್ತಿತ್ತು. ಆದರೂ ಚೀಲದಿಂದ ಸ್ಕೇಲು ತೆಗೆದು, ಒತ್ತದಂತೆ ಒಂದೊಂದನ್ನೇ ಅಳೆದೆ. ಆಕೆ ಅಲುಗಾಡಲಿಲ್ಲ.

"ಇಷ್ಟ್ ಸಾಕಾ ಅವ್ವಾ?" ಎಂದಳು ಸೆರಗು ಹೊದ್ದುಕೊಳ್ಳುತ್ತ. "ಮುಂದಿನ್ ವರ್ಸುಕ್ಕೆ ನಿಲ್ಸ್ತೀರಾ?"

"ನಿಲ್ಲಿಸ್ತೀವಿ ಅಕ್ಕಾ" ಎಂದುಬಿಟ್ಟೆ.

ಮುಂಗಾರು ಹಿಡಿಯುವ ಹೊತ್ತಿಗೆ ನಿಂತದ್ದು ನಮ್ಮ ಕೆಲಸ. ಮೊಳೆ ಕಿತ್ತು ಹಲಗೆ ತರಲು ಮಲ್ಲಿಪಟ್ಟಣಕ್ಕೆ ಹೋಗುವ ಧೈರ್ಯ ನನಗಾಗಲಿಲ್ಲ.